ಬೀಜದ ಮೊಳಕೆಗೆ ಶೀತಲ ಪ್ಲಾಸ್ಮಾ

ಹಳಿಯಾಳ, ಮುಂಡಗೋಡ ಭಾಗದಲ್ಲಿ ಮುಂಗಾರಿನ ಹೊಸ್ತಿಲಲ್ಲಿ ಭತ್ತವನ್ನು ಕೂರಿಗೆಯಿಂದ ನೇರವಾಗಿ ಬಿತ್ತುವ ರೂಢಿಯಿದೆ. ಸಸಿ ಮಾಡಿ ನಾಟಿ ಹಾಕುವವರಿಗೆ ಬೀಜದ ದೋಷ ಮಡಿಯಲ್ಲೇ ಗೊತ್ತಾಗುತ್ತದೆ. ಕೂರಿಗೆ ಬಿತ್ತನೆಯಲ್ಲಿ ಗೊತ್ತಾಗುವುದು ಹೊಲದಲ್ಲಿ. ಸಾಲು ಖಾಲಿ ಬಿದ್ದ ಕಡೆ ಕಳೆ ತುಂಬುತ್ತದೆ. ಮತ್ತೆ ಬಿತ್ತೋಣವೆಂದರೆ ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹೀಗಿರುವಾಗ, ಮೊಳಕೆ ಹೆಚ್ಚಿಸುವ ಹೊಸ ವಿಧಾನವೆಂದರೆ ಕಿವಿಗೊಡುವುದು ಸಹಜ. ಅಂಥದೊಂದು ವಿಧಾನ ಶೀತಲ ಪ್ಲಾಸ್ಮಾ.

ಘನ, ದ್ರವ, ಅನಿಲಗಳ ನಂತರದ ನಾಲ್ಕನೆಯ ಸ್ಥಿತಿಗೆ ಪ್ಲಾಸ್ಮಾ ಎಂದು ಹೆಸರು. ಅನಿಲದ ಮೂಲಕ ಪ್ರಬಲ ವಿದ್ಯುತ್ ಹಾಯ್ದಾಗ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ಮಿಂಚಿನಲ್ಲಿ ಇರುವುದು ಬಿಸಿ ಪ್ಲಾಸ್ಮಾ. ಟ್ಯೂಬ್‌ಲೈಟಿನೊಳಗೂ ಪ್ಲಾಸ್ಮಾ ಇದೆ, ಆದರೆ ಕೊಳವೆ ಮುಟ್ಟಿದರೆ ಕೈ ಸುಡುವುದಿಲ್ಲ. ಅಲ್ಲಿ ಹಗುರವಾದ ಎಲೆಕ್ಟ್ರಾನುಗಳು ಮಾತ್ರ ಬಹಳ ಕಾವೇರಿರುತ್ತವೆ, ಅನಿಲ ತಣ್ಣಗಿರುತ್ತದೆ. ಇದೇ ಶೀತಲ ಪ್ಲಾಸ್ಮಾ.

ಇದರಲ್ಲಿ ಬೀಜವನ್ನು ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಇಡುತ್ತಾರೆ. ಆಗ ಮುಖ್ಯವಾಗಿ ಎರಡು ಕೆಲಸ ನಡೆಯುತ್ತದೆ. ಬೀಜದ ಹೊರಸಿಪ್ಪೆಯ ಮೇಣದಂಥ ಪದರ ಸವೆದು, ನೀರು ಬೇಗ ಒಳಗಿಳಿಯುತ್ತದೆ. ದಾಂಡೇಲಿ, ಜೋಯಿಡಾ ಕಾಡಿನ ಸೀಮೆಯವರಿಗೆ ಇದರ ಮಹತ್ವ ಬೇಗ ತಿಳಿದೀತು. ಗಟ್ಟಿಯಾದ ತೇಗದ ಕಾಯಿಯನ್ನು ಮತ್ತೆ ಮತ್ತೆ ನೆನೆಸಿ ಒಣಗಿಸುವುದು ಸಹ ನೀರಿಗೆ ದಾರಿ ಮಾಡಿಕೊಡಲೆಂದೇ. ಎರಡನೆಯದಾಗಿ, ಪ್ಲಾಸ್ಮಾದಲ್ಲಿ ಹುಟ್ಟುವ ಚುರುಕಾದ ಆಮ್ಲಜನಕ, ಸಾರಜನಕದ ಕಣಗಳು ಬೀಜದ ಮೇಲಿನ ಶಿಲೀಂಧ್ರವನ್ನು ಕೊಲ್ಲುತ್ತವೆ. ಮಿತಿ ಮೀರಿದರೆ ಇವೇ ಭ್ರೂಣಕ್ಕೂ ಹಾನಿ ಮಾಡುತ್ತವೆ. ಒಂದು ಬೆಳೆಗೆ ಹಿತವಾದ ಅವಧಿ ಇನ್ನೊಂದಕ್ಕೆ ಹೊಂದುವುದಿಲ್ಲ. ಗೋಧಿ, ಸೋಯಾ, ಮೂಲಂಗಿ ಮೊದಲಾದವುಗಳ ಮೇಲೆ ಪ್ರಯೋಗಗಳಾಗಿವೆ. ನಮ್ಮ ದೇಶದಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯವರು ಪ್ಲಾಸ್ಮಾ ಹಾಯಿಸಿದ ನೀರನ್ನು ಬಟಾಣಿ ಬೀಜಕ್ಕೆ ಬಳಸಿ ನೋಡಿದ್ದಾರೆ.

ಆದರೆ ಒಂದು ಮಾತು ನೆನಪಿರಲಿ. ಪ್ಲಾಸ್ಮಾ ತಡವಾಗಿ ಮೊಳೆಯುವ ಬೀಜವನ್ನು ಬೇಗ ಎಬ್ಬಿಸೀತು. ಸತ್ತ ಬೀಜಕ್ಕೆ ಜೀವ ಕೊಡಲಾರದು. ನೂರಕ್ಕೆ 95 ಮೊಳೆಯುವ ಬೀಜಕ್ಕೆ ಅದು ಸೇರಿಸಬಹುದಾದದ್ದು ಹೆಚ್ಚೆಂದರೆ 5. ಥಂಡಿ ಹಿಡಿದು ಅರ್ಧ ಬೀಜ ಸತ್ತಿದ್ದರೆ ಯಂತ್ರದಿಂದ ಉಪಯೋಗವಿಲ್ಲ. ಜೋಯಿಡಾದಂಥ ಮಳೆಸೀಮೆಯಲ್ಲಿ ಈ ಥಂಡಿಯೇ ದೊಡ್ಡ ಶತ್ರು. ಪ್ರಮಾಣಿತ ಭತ್ತದ ಬೀಜದಲ್ಲಿ ತೇವಾಂಶ ಶೇಕಡಾ 13 ಮೀರಬಾರದು, ಮೊಳಕೆ ಶೇಕಡಾ 80ಕ್ಕಿಂತ ಕಡಿಮೆ ಇರಬಾರದು.

ನಿಮ್ಮ ಬೀಜ ಯಾವ ಬಗೆಯದೆಂದು ಮನೆಯಲ್ಲೇ ತಿಳಿಯಬಹುದು. ಬಿತ್ತನೆಗೆ ಮೂರು ವಾರ ಮೊದಲು, ಆರಿಸದೆ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆ ಒಣಗದಂತೆ ನೋಡಿಕೊಳ್ಳಿ. 5ನೇ ದಿನದಿಂದ ಮೊಳಕೆ ಎಣಿಸುತ್ತ 14ನೇ ದಿನಕ್ಕೆ ಲೆಕ್ಕ ಮುಗಿಸಿ. 80ಕ್ಕಿಂತ ಬಹಳ ಕಡಿಮೆ ಬಂದರೆ ಬೀಜ ಬದಲಿಸಲು ಇನ್ನೂ ಸಮಯವಿರುತ್ತದೆ. ಬಿತ್ತುವ ಮೊದಲು, ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಬೆರೆಸಿದ ನೀರಿಗೆ ಬೀಜ ಹಾಕಿ ಜೊಳ್ಳು ತೆಗೆಯಿರಿ; ಮುಳುಗಿದ ಕಾಳನ್ನು ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ತೊಳೆಯಿರಿ.

ಪ್ಲಾಸ್ಮಾ ಯಂತ್ರ ರೈತನ ಮನೆಗೆ ಬೇಕಾದದ್ದಲ್ಲ. ಬೀಜ ಸಂಸ್ಕರಣ ಘಟಕಕ್ಕೆ ಸೇರಿದ್ದು. ನಾಳೆ ಯಾರಾದರೂ ಪ್ಲಾಸ್ಮಾ ಬೀಜವೆಂದು ಹೆಚ್ಚಿನ ಬೆಲೆ ಹೇಳಿದರೆ, ಅದೇ ರಾಶಿಯ ಸಂಸ್ಕರಿಸದ ಬೀಜವನ್ನೂ ಕೇಳಿ ಪಡೆಯಿರಿ. ಎರಡರಲ್ಲೂ ನೂರು ನೂರು ಕಾಳು ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಎಣಿಸಿ ನೋಡಿ. ಆಮೇಲೆ ಹಣ ಕೊಡುವ ವಿಚಾರ ಮಾಡಿ.