ಯಾವ ಪೂರ್ವಜರ ಊಟ?

ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಇಂಗ್ಲಿಷ್ ಅಂತ ಈ ಬ್ರಿಟನ್ನಿನಲ್ಲೇ ಬೆಳೆದ ನಿಮ್ಮಂಥ ಹುಡುಗ ಹುಡುಗಿಯರ ಜೊತೆ ಇವತ್ತು ಊಟದ ವಿಷಯ ಮಾತಾಡಬೇಕು ಅಂತಿದ್ದೇನೆ.

ಹೋದ ತಿಂಗಳು ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಯೂನಿವರ್ಸಿಟಿಯಿಂದ ರಜೆಗೆ ಬಂದಿದ್ದ ಮಗನಿಗೆ ಅಂತ ಅವರ ಮನೆಯವರು ಬಿಸಿಬೇಳೆಬಾತ್ ಮಾಡಿದ್ದರು. ಅವನು ಅದನ್ನು ಮುಟ್ಟಲಿಲ್ಲ. ಮೂರು ಮೊಟ್ಟೆ ಬೇಯಿಸಿಕೊಂಡು ತಂದು ಕೂತ. "ಅಮ್ಮಾ, ನಮ್ಮ ಪೂರ್ವಜರು ಕಾರ್ಬ್ಸ್ ತಿಂತಿರಲಿಲ್ಲ. ಸರ್ಕಾರದೋರು ಹೇಳೋ ಸಲಹೆಯೆಲ್ಲ ತಪ್ಪು" ಅಂದ. ಆ ತಾಯಿ ನನ್ನ ಕಡೆ ತಿರುಗಿ, "ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಅಂದರು. ನನಗೆ ತಕ್ಷಣ ಏನೂ ಹೇಳಲಾಗಲಿಲ್ಲ. ಯಾಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಇದೇ ಮಾತನ್ನು ಇಷ್ಟೇ ಧೈರ್ಯವಾಗಿ ಹೇಳುತ್ತಿದ್ದೆ. ಅವತ್ತು ಅವನಿಗೆ ಹೇಳಬೇಕಾಗಿದ್ದನ್ನು ಈಗ ನಿಮಗೆಲ್ಲ ಹೇಳುತ್ತೇನೆ.

ನನಗಾಗ ನಲವತ್ತಮೂರು ವರ್ಷ. ತೂಕ 64 ಕೆ.ಜಿ. ನೋಡಿದವರೆಲ್ಲ "ನೀವು ಬಿಡಿ, ಸಣ್ಣಗಿದ್ದೀರಿ" ಅನ್ನೋರು. ಒಂದು ಮಾಮೂಲಿ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 45 ಬಂತು. ಕಳೆದ ಎರಡು ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಲೆಕ್ಕ ಅದು. ಇಲ್ಲಿ 42ರಿಂದ 47 ಅಂದರೆ ಗಡಿಯ ಮೇಲೆ ನಿಂತಿದ್ದೀರಿ ಅಂತ. 48 ಮುಟ್ಟಿದರೆ ಸಕ್ಕರೆ ಕಾಯಿಲೆ. ನಮ್ಮಪ್ಪ ಅದೇ ಕಾಯಿಲೆಯಿಂದ ಕಿಡ್ನಿ ಕಳಕೊಂಡು, ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು, ಅರವತ್ತೊಂದನೇ ವಯಸ್ಸಿಗೆ ತೀರಿಕೊಂಡರು. ಆ 45 ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ದೇಶದ ಅಧಿಕೃತ ಊಟದ ಚಿತ್ರ, ಈಟ್‌ವೆಲ್ ಗೈಡ್, ನೀವೂ ಸ್ಕೂಲಿನಲ್ಲಿ ನೋಡಿರುತ್ತೀರಿ. ಅದರಲ್ಲಿ ತಟ್ಟೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಬ್ರೆಡ್, ಅನ್ನ, ಆಲೂಗಡ್ಡೆ, ಪಾಸ್ತಾಗೆ. ಸಕ್ಕರೆ ಏರಿದವನೂ ಇದನ್ನೇ ತಿನ್ನಬೇಕಾ ಅಂತ ನನಗೆ ಅನುಮಾನ ಬಂತು. ಆ ಅನುಮಾನ ಪೂರ್ತಿ ತಪ್ಪೇನಲ್ಲ. ಲಂಡನ್ನಿನ ಪ್ರೊಫೆಸರ್ ಜಾನ್ ಯುಡ್ಕಿನ್ 1972ರಲ್ಲೇ ಸಕ್ಕರೆಯ ವಿರುದ್ಧ ಒಂದು ಪುಸ್ತಕ ಬರೆದಿದ್ದರು. ಆಗ ಹೆಚ್ಚಿನವರು ಕಿವಿಗೊಡಲಿಲ್ಲ. ಅದಕ್ಕೂ ಮುಂಚೆ, 1967ರಲ್ಲಿ, ಹೃದಯದ ಕಾಯಿಲೆಯಲ್ಲಿ ಸಕ್ಕರೆಯ ಪಾತ್ರವನ್ನು ಹಗುರ ಮಾಡಿ, ಕೊಬ್ಬಿನ ಕಡೆ ಬೆರಳು ತೋರಿಸಿದ ಒಂದು ಪ್ರಸಿದ್ಧ ಲೇಖನ ಅಮೆರಿಕದಲ್ಲಿ ಬಂತು. ಅದನ್ನು ಬರೆದ ಹಾರ್ವರ್ಡ್ ವಿಜ್ಞಾನಿಗಳಿಗೆ ಸಕ್ಕರೆ ಉದ್ಯಮದವರೇ ಹಣ ಕೊಟ್ಟಿದ್ದರು ಅನ್ನೋದು ಹಳೇ ಕಾಗದಪತ್ರಗಳಿಂದ ಬಯಲಾಗಿದ್ದು 2016ರಲ್ಲಿ. ಹಾಗಾಗಿ ಪ್ರಶ್ನೆ ಕೇಳುವ ಹುಡುಗರನ್ನು ನಾನು ಬೈಯುವುದಿಲ್ಲ.

ನಾನು ಅನ್ನ ಬಿಟ್ಟೆ, ಚಪಾತಿ ಬಿಟ್ಟೆ, ದೋಸೆ ಬಿಟ್ಟೆ. ಮೊಟ್ಟೆ, ಮಾಂಸ, ಬೆಣ್ಣೆ, ತುಪ್ಪ, ತೆಂಗಿನೆಣ್ಣೆ ಹಿಡಿದೆ. ಇದು ಆದಿಮಾನವನ ಊಟ, ನಮ್ಮ ದೇಹ ಇದಕ್ಕೇ ಹೊಂದಿಕೊಂಡಿದೆ ಅಂತ ಸಿಕ್ಕಿದವರಿಗೆಲ್ಲ ಪಾಠ ಮಾಡಿದೆ. ಆರು ತಿಂಗಳಲ್ಲಿ ಎಚ್‌ಬಿಎ1ಸಿ 39ಕ್ಕೆ ಇಳಿಯಿತು. ಕುಣಿದಾಡಿಬಿಟ್ಟೆ. ಅದೇ ರಿಪೋರ್ಟಿನ ಕೆಳಗಿನ ಸಾಲಿನಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 2.8ರಿಂದ 4.7ಕ್ಕೆ ಹತ್ತಿತ್ತು. ಆ ಸಾಲನ್ನು ನಾನು ಯಾರಿಗೂ ತೋರಿಸಲಿಲ್ಲ. ಸರ್ಕಾರದ ಸಲಹೆಯನ್ನು ಅಷ್ಟು ಪ್ರಶ್ನಿಸಿದವನು ನನ್ನ ಡಯೆಟ್ಟನ್ನು ಮಾತ್ರ ಪ್ರಶ್ನಿಸಲಿಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಹೋದೆ. ನಮ್ಮದು ನಾಗಮಂಗಲದ ಕಡೆ ಹಳ್ಳಿ. ಅವ್ವ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ನಾನು ಮುದ್ದೆ ಬೇಡ ಅಂದೆ. "ಯಾಕ್ಲಾ?" ಅಂದಳು. ಪೂರ್ವಜರ ಊಟದ ಕಥೆ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ನಿಮ್ಮ ತಾತ ಹೊತ್ತಿಗೆ ಎರಡು ಮುದ್ದೆ ಉಣ್ಣೋರು. ಅವರ ಅಪ್ಪನೂ ಮುದ್ದೇನೇ ಉಂಡಿದ್ದು. ನೀನು ಹೇಳ್ತಿರೋದು ಯಾರ ಪೂರ್ವಜರ ಕತೆ ಮಗಾ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದ ಮೇಲೆ ಓದಲು ಕೂತೆ. ಬಳ್ಳಾರಿ ಹತ್ತಿರದ ಸಂಗನಕಲ್ಲು, ತೆಕ್ಕಲಕೋಟೆ ಇಂಥ ನವಶಿಲಾಯುಗದ ನೆಲೆಗಳನ್ನು ಅಗೆದಾಗ, ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಸುಟ್ಟ ಕಾಳುಗಳು ಸಿಕ್ಕಿವೆ. ಏನು ಕಾಳು ಗೊತ್ತಾ? ಹುರುಳಿ, ಹೆಸರು, ಕೊರಲೆ. ಆ ಜನ ದನ ಸಾಕುತ್ತಿದ್ದರು, ಮಾಂಸ ತಿನ್ನುತ್ತಿದ್ದರು, ಜೊತೆಗೆ ಸಿರಿಧಾನ್ಯ, ಬೇಳೆಕಾಳು ಬೆಳೆದು ಉಣ್ಣುತ್ತಿದ್ದರು. ಅವ್ವ ಬಸ್ಸಾರು ಮಾಡಿದ ಹುರುಳಿಗೆ ನಮ್ಮ ನೆಲದಲ್ಲೇ ಅಷ್ಟು ವಯಸ್ಸು. ಅಂದರೆ ನಮ್ಮ ಹಿಂದಿನವರ ಊಟ ಲೋ-ಕಾರ್ಬ್ ಆಗಿರಲೇ ಇಲ್ಲ.

ಹಾಗಂತ ರಾಗಿಯನ್ನು ಔಷಧಿ ಅಂತ ಹೊಗಳುವುದೂ ಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ ಇದೆ. ಅಕ್ಕಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ ತಾತನನ್ನು ಕಾಪಾಡಿದ್ದು ರಾಗಿ ಒಂದೇ ಅಲ್ಲ. ಬೆಳಗ್ಗೆ ನೇಗಿಲು ಹಿಡಿದರೆ ಬಿಸಿಲೇರುವ ತನಕ ಉಳುಮೆ. ಉಂಡಿದ್ದೆಲ್ಲ ಹೊಲದಲ್ಲೇ ಕರಗುತ್ತಿತ್ತು. ಅಪ್ಪ ಓದಿ ಗುಮಾಸ್ತರಾದರು. ಮುದ್ದೆ ಬಡವರ ಊಟ ಅಂತ ಬಿಟ್ಟು ಮೂರು ಹೊತ್ತೂ ಅನ್ನ ಹಿಡಿದರು. ಕೆಲಸ ಕುರ್ಚಿಗೆ ಬಂತು, ತಟ್ಟೆ ಮಾತ್ರ ಹೊಲದ ಲೆಕ್ಕದಲ್ಲೇ ತುಂಬುತ್ತಿತ್ತು. ಹೆಚ್ಚೂಕಮ್ಮಿ ನಾನೂ ಹಾಗೇ ಬದುಕುತ್ತಿದ್ದೆ.

ಇದರಲ್ಲಿ ನಮ್ಮ ಮೈಯ ಗುಣವೂ ಸೇರಿಕೊಂಡಿದೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಇನ್ನೊಬ್ಬ ಯುಡ್ಕಿನ್, ಡಾಕ್ಟರ್ ಜಾನ್ ಎಸ್. ಯುಡ್ಕಿನ್, 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ ಬರೆದರು. ಇಬ್ಬರದೂ ಬಿಎಂಐ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2! ಯುಡ್ಕಿನ್ ಮ್ಯಾರಥಾನ್ ಓಡುವವರು, ಯಾಜ್ಞಿಕ್ ಲಿಫ್ಟ್ ಬಾಗಿಲು ಮುಚ್ಚುವ ಮುಂಚೆ ಓಡುವವರು ಅಂತ ತಮಾಷೆಯನ್ನೂ ಅವರೇ ಮಾಡಿಕೊಂಡಿದ್ದರು. ತಮಾಷೆ ಬದಿಗಿಟ್ಟರೂ ನಮ್ಮವರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಇಟ್ಟುಕೊಂಡಿರುತ್ತಾರೆ. ಅದಕ್ಕೇ ಈ ದೇಶದಲ್ಲಿ ದಕ್ಷಿಣ ಏಷ್ಯಾದವರಿಗೆ ಬಿಎಂಐ 25ಕ್ಕಲ್ಲ, 23ಕ್ಕೇ ಎಚ್ಚರಿಕೆಯ ಗಂಟೆ. ನೀವು ಇಲ್ಲೇ ಹುಟ್ಟಿದವರಾದರೂ ಈ ಗಂಟೆ ನಿಮಗೂ ಸೇರಿದ್ದು.

ಹಾಗಾದರೆ ಲೋ-ಕಾರ್ಬ್ ಸರಿಯೋ ತಪ್ಪೋ? ಕನಕದಾಸರ ರಾಮಧಾನ್ಯಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಯಾರು ಹೆಚ್ಚು ಅಂತ ಜಗಳ ಬರುತ್ತದೆ. ರಾಮ ಯಾರ ವಾದಕ್ಕೂ ಮರುಳಾಗಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಯಾವುದು ತಡೆದುಕೊಂಡಿತು ಅಂತ ನೋಡಿ ತೀರ್ಪು ಕೊಟ್ಟ. ಇಲ್ಲಿನ ಸರ್ಕಾರದ ಪೌಷ್ಟಿಕಾಂಶ ಸಮಿತಿಯೂ 2021ರಲ್ಲಿ ಇಂಥದ್ದೇ ತೀರ್ಮಾನಕ್ಕೆ ಬಂತು: ಎರಡನೇ ಬಗೆಯ ಸಕ್ಕರೆ ಕಾಯಿಲೆ ಇದ್ದು, ತೂಕ ಹೆಚ್ಚಿರುವ ದೊಡ್ಡವರಿಗೆ ಆರು ತಿಂಗಳವರೆಗೆ ಕಾರ್ಬ್ ಕಡಿಮೆ ಮಾಡುವುದು ಒಂದು ಒಳ್ಳೆಯ ದಾರಿ. ವರ್ಷ ಕಳೆಯುವಷ್ಟರಲ್ಲಿ ಬೇರೆ ಡಯೆಟ್‌ಗಳಿಗಿಂತ ಮೇಲು ಅನ್ನಲು ಆಧಾರ ಉಳಿಯುವುದಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿ 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬ್ ಕಡಿಮೆ ಊಟ ಹೇಳಿದ್ದರು. ವರ್ಷದ ಕೊನೆಗೆ ಸರಾಸರಿ ಇಳಿದ ತೂಕ 5.3 ಮತ್ತು 6 ಕೆ.ಜಿ., ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಗುಂಪಿನವರಿಗೆ ಸಕ್ಕರೆ, ಮೈದಾ ಕಡಿಮೆ ಮಾಡಿ, ತರಕಾರಿ ಹೆಚ್ಚು ತಿನ್ನಿ ಅಂತ ಹೇಳಿದ್ದರು ಅನ್ನೋದನ್ನು ಮರೆಯಬೇಡಿ.

ಈಗ ನನ್ನ ತಟ್ಟೆಯಲ್ಲಿ ಅನ್ನ ಅಥವಾ ಮುದ್ದೆ ಮುಂಚಿನ ಮೂರನೇ ಒಂದು ಪಾಲು. ಅರ್ಧ ತಟ್ಟೆ ಪಲ್ಯ, ಸೊಪ್ಪು, ಕೋಸಂಬರಿ. ಉಳಿದದ್ದು ಕಾಳಿನ ಬಸ್ಸಾರು, ಮೀನು, ಇಲ್ಲವೇ ಮೊಟ್ಟೆ, ಕೊನೆಗೆ ಮಜ್ಜಿಗೆ. ತುಪ್ಪ ಒಂದು ಚಮಚಕ್ಕೆ ಬಂದು ನಿಂತಿದೆ. ಊಟ ಆದ ಮೇಲೆ ಇಪ್ಪತ್ತು ನಿಮಿಷ ನಡಿಗೆ. ಸಕ್ಕರೆ 40ರಲ್ಲಿದೆ, ಎಲ್‌ಡಿಎಲ್ 3ಕ್ಕೆ ಇಳಿದಿದೆ. ಇದು ನನ್ನೊಬ್ಬನ ಲೆಕ್ಕ. ನಿಮ್ಮ ಲೆಕ್ಕ ನಿಮ್ಮ ರಕ್ತ ಹೇಳಬೇಕು.

ಒಂದೇ ಒಂದು ಎಚ್ಚರಿಕೆ. ಮನೆಯಲ್ಲಿ ಅಪ್ಪ ಅಮ್ಮ ಇನ್ಸುಲಿನ್ನೋ ಸಕ್ಕರೆ ಮಾತ್ರೆಯೋ ತಗೊಳ್ಳುತ್ತಿದ್ದರೆ, ಡಾಕ್ಟರಿಗೆ ಹೇಳದೆ ಅವರ ಅನ್ನ ನಿಲ್ಲಿಸಬೇಡಿ. ಮಾತ್ರೆ ಅಷ್ಟೇ ಇದ್ದು ಅನ್ನ ಕಡಿಮೆಯಾದರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ನೀವಿನ್ನೂ ಬೆಳೆಯುವ ವಯಸ್ಸಿನವರಾದರೆ ನಿಮ್ಮ ಮೇಲೂ ಇಂಥ ಪ್ರಯೋಗ ಬೇಡ.

ಪ್ರಶ್ನೆ ಕೇಳಿ, ಖಂಡಿತ ಕೇಳಿ. ಸರ್ಕಾರವನ್ನು ಕೇಳಿದ ಹಾಗೆಯೇ ವಿಡಿಯೋದಲ್ಲಿ ಡಯೆಟ್ ಮಾರುವವನನ್ನೂ ಕೇಳಿ. ಪೂರ್ವಜರು ಏನು ಉಣ್ಣುತ್ತಿದ್ದರು ಅಂತ ತಿಳಿಯಬೇಕಾದರೆ, ಈ ಭಾನುವಾರ ಊರಿಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಿ. ಏನು ಉಂಡಿರಿ ಅಂತ ಕೇಳಿದ ಮೇಲೆ, ಉಂಡು ಏನು ಕೆಲಸ ಮಾಡುತ್ತಿದ್ದಿರಿ ಅಂತಲೂ ಕೇಳಿ.