ಹಳ್ಳಿಗೂ ಹಲ್ಲಿಗೂ ಒಂದು ಶಿಫ್ಟ್ ಕೀ ದೂರ

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಇವತ್ತಿನ ಪ್ರಶ್ನೆ ಚಿಕ್ಕದು: ಪ್ರೋಗ್ರಾಮಿಂಗ್ ಭಾಷೆ ಕ್ಯಾಪಿಟಲ್, ಸ್ಮಾಲ್ ಅಕ್ಷರಗಳನ್ನ ಬೇರೆ ಬೇರೆ ಅಂತ ನೋಡಬೇಕಾ, ಬೇಡ್ವಾ?

ಚಿಕ್ಕದು ಅಂದೆ, ಆದ್ರೆ ಇದರಿಂದ ನನ್ನ ಒಂದು ಹಬ್ಬ ಹೋಗಿದೆ. ಹಿಂದಿನ ಕೆಲಸದಲ್ಲಿದ್ದಾಗ, ಗಣೇಶ ಚೌತಿಗೆ ಹುಬ್ಬಳ್ಳಿಗೆ ರಾತ್ರಿ ಹತ್ತರ ಬಸ್ಸು. ಸಂಜೆ ಒಂದು ರಿಲೀಸ್. ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ಎಲ್ಲಾ ಸರಿ. ಲಿನಕ್ಸ್ ಸರ್ವರ್‌ಗೆ ಹಾಕಿದ್ರೆ, ಫೈಲೇ ಇಲ್ಲ ಅಂತು. ನಾಲ್ಕು ಗಂಟೆ ಹುಡುಕಿದ ಮೇಲೆ ಸಿಕ್ತು: ಫೈಲಿನ ಹೆಸರಲ್ಲಿ 'ಐ' ಕ್ಯಾಪಿಟಲ್, ನಾನು ಕೋಡಲ್ಲಿ ಬರೆದದ್ದು ಸ್ಮಾಲ್. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅನ್ನುತ್ತೆ, ಲಿನಕ್ಸ್ ಅನ್ನಲ್ಲ. ಅಷ್ಟೊತ್ತಿಗೆ ಬಸ್ಸು ಹೋಗಿತ್ತು. ಅಮ್ಮ ಫೋನಲ್ಲಿ "ಒಂದು ಅಕ್ಷರಕ್ಕಾ?" ಅಂದ್ರು.

ಆ ರಾತ್ರಿ ನಾನು ಪೂರ್ತಿ ಅಮ್ಮನ ಪಕ್ಷ. ಪಾಸ್ಕಲ್, ಏಡಾ ಭಾಷೆಗಳೂ ಅದೇ ಪಕ್ಷ, ಅವಕ್ಕೆ ಕೇಸ್ ಲೆಕ್ಕಕ್ಕಿಲ್ಲ. ಮೊದಮೊದಲ ಫೋರ್ಟ್ರಾನ್ ಕಾಲದ ಪಂಚ್ ಕಾರ್ಡುಗಳಲ್ಲಂತೂ ಇದ್ದದ್ದೇ ಕ್ಯಾಪಿಟಲ್. 1963ರ ಮೊದಲ ಆಸ್ಕಿಯಲ್ಲೂ ಸ್ಮಾಲ್ ಅಕ್ಷರ ಇರಲಿಲ್ಲ, ಅವು ಸೇರಿದ್ದು 1967ರ ಆವೃತ್ತಿಯಲ್ಲಿ. ಆಮೇಲೆ ಬಂದ ಸಿ ಭಾಷೆ ಮಾತ್ರ ಕಟ್ಟುನಿಟ್ಟು: ಕ್ಯಾಪಿಟಲ್ 'ಎ' 65, ಸ್ಮಾಲ್ 'ಎ' 97, ಎರಡು ಬೇರೆ ಸಂಖ್ಯೆ, ಎರಡು ಬೇರೆ ಹೆಸರು.

ಹಾಗಾದ್ರೆ ಎಲ್ಲಾ ಭಾಷೆಗಳೂ 'ಎರಡೂ ಒಂದೇ' ಅಂದುಬಿಟ್ರೆ ಆಯ್ತಲ್ಲ? ಅಲ್ಲೇ ಇರೋದು ತೊಡಕು. ಯಾವುದಕ್ಕೆ ಯಾವುದು ಜೋಡಿ ಅನ್ನೋದು ಊರೂರಿಗೆ ಬೇರೆ. ಟರ್ಕಿಶ್‌ನಲ್ಲಿ ಚುಕ್ಕೆ ಇರೋ 'ಐ', ಚುಕ್ಕೆ ಇಲ್ಲದ 'ಐ' ಎರಡು ಅಕ್ಷರ. ಟರ್ಕಿಶ್ ಸೆಟ್ಟಿಂಗ್ ಇರೋ ಮಷೀನಲ್ಲಿ, ಜಾವಾದಲ್ಲಿ ಕ್ಯಾಪಿಟಲ್ಲಿರೋ 'ಫೈಲ್' ಪದವನ್ನ ಸ್ಮಾಲ್ ಮಾಡಿದ್ರೆ ಚುಕ್ಕೆ ಇಲ್ಲದ 'ಐ' ಬರುತ್ತೆ. ನಮ್ಮ 'ಫೈಲ್' ಜೊತೆ ಹೋಲಿಸಿದ್ರೆ, ಬೇರೆ! ಅಂದ್ರೆ ಒಂದೇ ಕೋಡು, ದೇಶ ಬದಲಾದ್ರೆ ಅರ್ಥ ಬದಲು.

ನಮ್ಮ ಕನ್ನಡಕ್ಕೆ ಈ ತಲೆನೋವೇ ಇಲ್ಲ, ದೊಡ್ಡಕ್ಷರ ಸಣ್ಣಕ್ಷರ ಅಂತ ಭೇದ ಇಲ್ಲ. ಆದ್ರೆ ಬರಹದಲ್ಲಿ ಇಂಗ್ಲಿಷ್ ಕೀಬೋರ್ಡಿಂದ ಟೈಪ್ ಮಾಡಿದವರು ನೆನಪಿಸ್ಕೊಳ್ಳಿ. ಸ್ಮಾಲ್ 'ಎಲ್' ಒತ್ತಿದ್ರೆ ಹಲ್ಲಿ, ಕ್ಯಾಪಿಟಲ್ 'ಎಲ್' ಒತ್ತಿದ್ರೆ ಹಳ್ಳಿ. ಯಂತ್ರ 'ಎರಡೂ ಒಂದೇ ಬಿಡು' ಅಂದಿದ್ರೆ ನಾವು ಹಳ್ಳಿಗೆ ಹೋಗೋ ಬದಲು ಹಲ್ಲಿಗೆ ಹೋಗ್ತಿದ್ವಿ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಭಾಷೆ ಊಹೆ ಮಾಡೋದು ಬೇಡ, ಕಟ್ಟುನಿಟ್ಟಾಗೇ ಇರಲಿ. ಆದ್ರೆ ತಪ್ಪು ಮಾಡಿದವನಿಗೆ ದಾರಿ ತೋರಿಸಲಿ. ಪೈಥಾನ್ 3.10ರಿಂದ 'ನೀವು ಹೇಳಿದ್ದು ಇದಾ?' ಅಂತ ಹತ್ತಿರದ ಹೆಸರು ಸೂಚಿಸುತ್ತೆ, ಹಾಗೆ. ಇನ್ನು ನಮ್ಮ ಟೀಮಲ್ಲಿ ನಾನು ಹಾಕಿರೋ ನಿಯಮ ಎರಡು: ಕೇಸ್ ಒಂದರಲ್ಲೇ ವ್ಯತ್ಯಾಸ ಇರೋ ಎರಡು ಹೆಸರು ಇಡಬಾರದು. ರಿಲೀಸಿಗೆ ಮುಂಚೆ ಲಿನಕ್ಸ್ ಮೇಲೆ ಒಂದ್ಸಲ ಬಿಲ್ಡ್ ಆಗಲೇಬೇಕು.

ಆಮೇಲಿಂದ ಚೌತಿಗೆ ಬಸ್ಸು ತಪ್ಪಿಲ್ಲ. ನಿಮಗೂ ಹೀಗೆ ಒಂದಕ್ಷರ ಕಾಡಿದ್ರೆ ಕೆಳಗೆ ಬರೀರಿ.