ಕನ್ನಡಿಯ ಮುಂದೆ ಬಾಯಿ ತೆರೆಯಿರಿ
(ಹೋಟೆಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯೆಂದರೆ ಪಗಾರ, ಬೋನಸ್ಸು, ವಾರದ ರಜೆ ಇವುಗಳ ಮಾತೇ ಎಂದು ತಿಳಿದು ಬಂದವರಿಗೆ ಇಂದಿನ ವಿಷಯ ವಿಚಿತ್ರವಾಗಿ ಕಂಡೀತು. ಇಂದು ಮಾತು ನಮ್ಮ ನಮ್ಮ ಬಾಯಿಯದು. ಗಿರಾಕಿಯ ಬಾಯಿರುಚಿ ನೋಡುವುದರಲ್ಲೇ ಆಯುಷ್ಯ ಕಳೆಯುವ ನಮ್ಮಲ್ಲಿ, ತನ್ನ ಬಾಯಿಯೊಳಗೆ ಏನಿದೆಯೆಂದು ಬೆಳಕು ಹಿಡಿದು ನೋಡಿಕೊಂಡವರು ಎಷ್ಟು ಮಂದಿ?

ನಾವು ಏತಕ್ಕೆ ಜಗಿಯುತ್ತೇವೆಂಬುದು ನಮಗೆ ಗೊತ್ತು. ಬೆಳಗಿನ ಐದಕ್ಕೆ ಭಟ್ಟಿಯ ಮುಂದೆ ನಿಂತವನಿಗೆ ಹಸಿವೆ ತಿಳಿಯಬಾರದು. ರಾತ್ರಿ ಹನ್ನೊಂದಕ್ಕೆ ಪಾತ್ರೆ ತಿಕ್ಕುವವನಿಗೆ ನಿದ್ದೆ ಬರಬಾರದು. ಅದಕ್ಕಾಗಿ ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕಿ ಕೆಳದುಟಿಯೊಳಗೆ ಇಡುತ್ತೇವೆ. ಇಲ್ಲವೇ ಕೆನ್ನೆಯಲ್ಲಿ ಎಲೆಯಡಿಕೆ. ಮಹಾರಾಷ್ಟ್ರ ಸರಕಾರ ೨೦೧೨ರಲ್ಲಿ ಗುಟಕಾ ನಿಷೇಧಿಸಿತು. ಚಟ ನಿಂತಿತೇ? ಒಂದು ಪೊಟ್ಟಣ ಹೋಗಿ ಎರಡು ಪೊಟ್ಟಣ ಬಂತು, ಬೆರೆಸುವ ಕೆಲಸ ನಮ್ಮ ಕೈಗೇ ಬಿತ್ತು.

"ನಮ್ಮದು ತಂಬಾಕಿಲ್ಲ, ಬರೇ ಅಡಿಕೆ" ಎನ್ನುವವರು ಇಲ್ಲಿ ಬಹಳ ಮಂದಿ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಶಾಖೆಯು ೨೦೦೪ರಲ್ಲಿಯೇ, ತಂಬಾಕು ಇಲ್ಲದಿದ್ದರೂ ಅಡಿಕೆ ತಾನೇ ಕ್ಯಾನ್ಸರ್ ತರುವ ವಸ್ತು ಎಂದು ನಿರ್ಣಯಿಸಿತು. ಈ ಮಾತು ನಮಗೆ ಕಹಿಯೇ. ಊರಿನಲ್ಲಿ ನಮ್ಮಲ್ಲಿ ಕೆಲವರಿಗೆ ತೋಟವಿದೆ. ತೋಟವಿಲ್ಲದವರ ತಾಯಂದಿರು ಅಡಿಕೆ ಸುಲಿದು ನಮ್ಮನ್ನು ಸಾಕಿದರು. ಬೆಳೆಗಾರರ ಪ್ರಶ್ನೆ ದೊಡ್ಡದು, ಈ ಸಭೆಯಲ್ಲಿ ತೀರುವಂಥದಲ್ಲ. ಆದರೆ ಅಡಿಕೆಯ ಋಣ ನಮ್ಮ ಮೇಲಿದೆಯೆಂದು ರೋಗ ದಾಕ್ಷಿಣ್ಯ ತೋರಿಸುವುದಿಲ್ಲ.

ಭಾರತದ ಗಂಡಸರಿಗೆ ತಗಲುವ ಕ್ಯಾನ್ಸರ್‌ಗಳಲ್ಲಿ ಬಾಯಿಯದೇ ಮೊದಲನೆಯದು. ೨೦೨೨ರ ಅಂದಾಜಿನಂತೆ ಗಂಡಸರು ಹೆಂಗಸರು ಸೇರಿ ಆ ಒಂದೇ ವರ್ಷ ಹೊಸದಾಗಿ ಸುಮಾರು ೧ ಲಕ್ಷ ೪೦ ಸಾವಿರ ಮಂದಿಗೆ ಬಂತು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ರೋಗ ಬಲಿತ ಮೇಲೆ. ಕಾರಣ ಒಂದೇ: ಮೊದಮೊದಲು ಅದು ನೋಯುವುದಿಲ್ಲ. ಕೈ ಸುಟ್ಟರೆ ಎಣ್ಣೆ ಹಚ್ಚುತ್ತೇವೆ, ಹಲ್ಲು ನೋವಾದರೆ ಲವಂಗ ಇಡುತ್ತೇವೆ. ನೋವಿಲ್ಲದ ಮಚ್ಚೆಗೆ ಯಾರು ಅರ್ಧ ದಿನದ ಸಂಬಳ ಕಳೆದುಕೊಳ್ಳುತ್ತಾರೆ?

ನಮ್ಮೊಡನೆ ದೋಸೆ ಹಾಕುತ್ತಿದ್ದ ಗೆಳೆಯನೊಬ್ಬನಿಗೆ, ತಂಬಾಕು ಇಡುತ್ತಿದ್ದ ಜಾಗದಲ್ಲಿಯೇ ಬಿಳಿ ಮಚ್ಚೆ ಇತ್ತು. ಸುಣ್ಣ ಸುಟ್ಟಿದ್ದು ಎಂದುಕೊಂಡ. ಹುಣ್ಣಾದಾಗ ರಜೆ ಕೇಳಿದ, "ಬಾಯಿಹುಣ್ಣಿಗೆ ರಜೆಯೇ?" ಎಂದು ಗಲ್ಲಾದ ಮೇಲಿದ್ದವರು ನಕ್ಕರು. ಐದು ತಿಂಗಳು ಹೀಗೆಯೇ ಹೋಯಿತು. ಆಮೇಲೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಇಂದು ಅವನು ಬದುಕಿದ್ದಾನೆ, ಊರಲ್ಲಿದ್ದಾನೆ, ಗಂಜಿ ಕುಡಿಯುತ್ತಾನೆ.

ಆದ್ದರಿಂದ ತಿಂಗಳಿಗೊಮ್ಮೆ, ಪಗಾರದ ದಿನವೆಂದೇ ಇಟ್ಟುಕೊಳ್ಳಿ, ಐದು ನಿಮಿಷ ಕನ್ನಡಿಯ ಮುಂದೆ ನಿಲ್ಲೋಣ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಕಟ್ಟಿಸಿದ ಹಲ್ಲಿದ್ದರೆ ತೆಗೆದಿಟ್ಟು, ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ತುಟಿಗಳನ್ನು ಮಗುಚಿ ನೋಡಿ. ಕೆನ್ನೆಯನ್ನು ಬೆರಳಿನಿಂದ ಹೊರಗೆಳೆದು ಒಳಬದಿ ನೋಡಿ, ಒಸಡು ನೋಡಿ. ನೀವು ಉಂಡೆ ಇಡುವ ಜಾಗವನ್ನು ಎರಡೆರಡು ಸಲ ನೋಡಿ. ರೋಗ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ನಾಲಗೆಯನ್ನು ಮೇಲಕ್ಕೆತ್ತಿ ಅಡಿಭಾಗ ನೋಡಿ, ಬಟ್ಟೆಯಿಂದ ತುದಿ ಹಿಡಿದು ಎರಡೂ ಅಂಚು ನೋಡಿ. ತಲೆ ಹಿಂದಕ್ಕೆ ಬಾಗಿಸಿ ಅಂಗಳ ನೋಡಿ. ಬಳಿಕ ಬೆರಳಾಡಿಸಿ ಗಂಟು, ಗಡಸು ಇದೆಯೇ ನೋಡಿ. ದವಡೆಯ ಕೆಳಗೆ, ಕುತ್ತಿಗೆಯ ಎರಡು ಬದಿಯಲ್ಲಿಯೂ ಒತ್ತಿ ನೋಡಿ. ಕೊನೆಗೆ ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಡಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಅಡಿಕೆ ಒಳಚರ್ಮವನ್ನು ಬಿಗಿ ಮಾಡುತ್ತಿರಬಹುದು. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲದು.

ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಮರಗಟ್ಟಿದ ತುಟಿ, ಇಂಥದೊಂದು ಕಂಡರೂ ದಂತವೈದ್ಯರಿಗೆ ತೋರಿಸಬೇಕು. ಎಲ್ಲ ಮಚ್ಚೆಯೂ ಕ್ಯಾನ್ಸರ್ ಅಲ್ಲ; ಹೆಚ್ಚಿನವು ಅಲ್ಲವೇ ಅಲ್ಲ. ಅಲ್ಲವೆಂದು ಹೇಳಬೇಕಾದವರು ವೈದ್ಯರು, ಪಾನ್‌ಬೀಡಾ ಅಂಗಡಿಯವನಲ್ಲ. ಕನ್ನಡಿಯಲ್ಲಿ ಏನೂ ಕಾಣಲಿಲ್ಲವೆಂದು ಜಗಿಯುವವರು ವೈದ್ಯರನ್ನು ಬಿಡಲೂ ಬಾರದು; ವರುಷಕ್ಕೊಮ್ಮೆ ಅವರ ಕಣ್ಣಿಗೂ ಬಾಯಿ ಬೀಳಲಿ.

ನೋಡುವುದರಿಂದ ಏನಾದೀತು ಎನ್ನುವವರಿಗೆ ಕೇರಳದ ಸಂಗತಿ ಹೇಳುತ್ತೇವೆ. ತಿರುವನಂತಪುರ ಜಿಲ್ಲೆಯಲ್ಲಿ ೧೯೯೬ರಿಂದ ತರಬೇತಾದ ಆರೋಗ್ಯ ಕಾರ್ಯಕರ್ತರು, ವೈದ್ಯರಲ್ಲ, ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು. ೨೦೦೫ರಲ್ಲಿ ಪ್ರಕಟವಾದ ಲೆಕ್ಕದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿತು. ಅಲ್ಲಿ ನೋಡಿದ್ದು ಕಲಿತ ಕಣ್ಣು, ನಿಜ. ನಮ್ಮ ಕನ್ನಡಿಯ ಕೆಲಸ ನಮ್ಮನ್ನು ಅಂಥ ಕಣ್ಣಿನ ಮುಂದೆ ಬೇಗ ತಂದು ನಿಲ್ಲಿಸುವುದು.

"ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರೆ ರೋಗ ಹರಡುತ್ತದೆ" ಎಂಬ ಮಾತು ಪ್ರತಿ ಅಡಿಗೆಮನೆಯಲ್ಲಿಯೂ ಇದೆ. ಸುಳ್ಳು. ಆ ಪರೀಕ್ಷೆಯಿಲ್ಲದೆ ರೋಗ ಯಾವುದೆಂದು ಖಚಿತವಾಗದು. ಬಡವರಿಗೆ ಯಾರಿದ್ದಾರೆ ಎನ್ನಬೇಡಿ. ಪರೇಲಿನಲ್ಲಿ ಟಾಟಾ ಆಸ್ಪತ್ರೆ ೧೯೪೧ರಿಂದ ಇದೆ, ದೂರದ ರಾಜ್ಯಗಳವರು ಅದರ ಕಾಲುದಾರಿಯಲ್ಲಿ ಮಲಗಿ ಕಾಯುತ್ತಾರೆ. ನಮಗೆ ಅದು ಲೋಕಲ್ ಗಾಡಿಯ ದೂರ. ಇ.ಎಸ್.ಐ. ಇದ್ದವರಿಗೆ, ಎರಡು ವರುಷದ ನೌಕರಿ ಮತ್ತು ವಂತಿಗೆಯ ಷರತ್ತು ಪೂರೈಸಿದ್ದರೆ, ಕ್ಯಾನ್ಸರ್ ಚಿಕಿತ್ಸೆಯ ದೀರ್ಘ ರಜೆಯಲ್ಲಿ ಸಂಬಳದ ದೊಡ್ಡ ಪಾಲು ಸಿಗುವ ಏರ್ಪಾಡಿದೆ. ನಿಮ್ಮ ಹೆಸರಿನಲ್ಲಿ ವಂತಿಗೆ ಕಟ್ಟುತ್ತಿದ್ದಾರೆಯೇ ಎಂದು ಈ ವಾರವೇ ಕೇಳಿ. ಕಟ್ಟದಿದ್ದರೆ ನಮಗೆ ತಿಳಿಸಿ. ಅದು ಸಂಘದ ಜಗಳ.

ಬಿಡುವುದು ಸುಲಭವೆಂದು ನಾವು ಹೇಳುವುದಿಲ್ಲ. ತಂಬಾಕಿನ ಪೊಟ್ಟಣದ ಮೇಲೆಯೇ ೧೮೦೦-೧೧-೨೩೫೬ ಎಂಬ ಸಂಖ್ಯೆ ಇದೆ, ಬಿಡಬೇಕೆನ್ನುವವರಿಗೆ ಸರಕಾರದ ನೆರವು; ಕರೆಗೆ ಕಾಸಿಲ್ಲ.

ಸಂಘದ ಕೋಣೆಯಲ್ಲಿ ಕಿಟಕಿಯ ಪಕ್ಕ ದೊಡ್ಡ ಕನ್ನಡಿಯೊಂದನ್ನು ತೂಗುಹಾಕಿದ್ದೇವೆ, ಟಾರ್ಚು ಮೇಜಿನ ಮೇಲಿದೆ. ಮಚ್ಚೆ ಕಂಡವರ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ನಮ್ಮಲ್ಲಿ ಒಬ್ಬರು ಬರುತ್ತೇವೆ. ರಜೆಯ ಮಾತನ್ನು ಮಾಲಿಕರ ಹತ್ತಿರ ನಾವೇ ಆಡುತ್ತೇವೆ. ಚಹಾ ಬರುವಷ್ಟರಲ್ಲಿ ಮುಂದಿನ ಸಾಲಿನವರು ಎದ್ದು ಬಂದರೆ ಇವತ್ತೇ ಶುರು ಮಾಡಬಹುದು.